ಪಡುಗಾಳಿಗೆ ಮೊದಲು

ದೊಡ್ಡಮ್ಮನಿಗೆ ಹುಬ್ಬು ಇರಲಿಲ್ಲ. ಪ್ರತಿ ವರ್ಷ ಸಂಕ್ರಾಂತಿ ಕಳೆದ ಮೇಲೆ ಸುಟ್ಟುಹೋಗುತ್ತಿತ್ತು, ಮಳೆಗಾಲದಲ್ಲಿ ಚೂರುಪಾರು ಚಿಗುರಿದ್ದು ಮತ್ತೆ ಹೋಗುತ್ತಿತ್ತು. ಕುಂದಾಪುರದ ಕಡೆಯ ಸಿದ್ದಾಪುರದ ಆಚೆ, ಘಟ್ಟದ ಬುಡಕ್ಕೆ ಮದುವೆಯಾಗಿ ಬಂದ ಹೊಸತರಲ್ಲಿ ಇದೆಂಥ ಹೆಂಗಸಪ್ಪಾ ಅಂತ ಹೆದರಿದ್ದೆ. ನನ್ನ ಗಂಡನ ದೊಡ್ಡಮ್ಮ ಅವರು, ಪಕ್ಕದ ಮನೆ.

ನಮ್ಮ ಗುಡ್ಡೆಯ ಮೇಲೆಯೇ ಕಾಡು. ಮೊದಲೆಲ್ಲ ಮನೆಯ ಮಾಡಿಗೆ ಹೊದಿಸಲು ಮುಳಿಹುಲ್ಲು ಕೊಯ್ಯುತ್ತಿದ್ದರು, ದನದ ಹಟ್ಟಿಗೆ ತರಗೆಲೆ ಗುಡಿಸಿ ತರುತ್ತಿದ್ದರು. ಹಂಚು ಬಂತು, ದನ ಹೋಯಿತು, ಹುಲ್ಲು ಎದೆಯೆತ್ತರ ನಿಂತು ಒಣಗತೊಡಗಿತು. ಬೇಸಿಗೆಯಲ್ಲಿ ಕಾಡಿಗೆ ಬೆಂಕಿ ಬಿದ್ದರೆ ಅದು ಇಳಿದು ಬರುವುದು ನಮ್ಮ ಅಂಗಳಕ್ಕೇ. ಅದಕ್ಕೆ ದೊಡ್ಡಮ್ಮ ಸುತ್ತಲ ಮನೆಯವರನ್ನೆಲ್ಲ ಬೈದು ಎಬ್ಬಿಸಿ, ಕಾಡಿಗೂ ಮನೆಗಳಿಗೂ ನಡುವಿನ ಒಂದು ಪಟ್ಟಿ ಹುಲ್ಲನ್ನು ಮೊದಲೇ ಸುಡಿಸುತ್ತಿದ್ದರು. ಎರಡೂ ಅಂಚು ಗುಡಿಸಿ, ಇಬ್ಬನಿ ಆರುವ ಮೊದಲು ಬೆಂಕಿ ಕೊಟ್ಟು, ಹಸಿಸೊಪ್ಪಿನಲ್ಲಿ ಬಡಿಯುತ್ತಾ ಹೋಗುವುದು. ಗಂಜಿ ಏನಿದ್ದರೂ ಬೆಂಕಿ ಸತ್ತ ಮೇಲೆ. ಮಧ್ಯಾಹ್ನವಾದರೆ ಕಡಲ ಕಡೆಯಿಂದ ಪಡುಗಾಳಿ ಎದ್ದು ಬೆಂಕಿಯನ್ನು ಗುಡ್ಡ ಹತ್ತಿಸುತ್ತದೆ. ತಡವಾಗಿ ಬಂದವರಿಗೆ ಬೀಳುತ್ತಿದ್ದ ಬೈಗುಳ ಬರೆಯುವ ಹಾಗಿಲ್ಲ.

ಒಂದು ವರ್ಷ ಅವರು ಜ್ವರ ಬಂದು ಕುಂದಾಪುರದ ಆಸ್ಪತ್ರೆಯಲ್ಲಿದ್ದರು. ಅಲ್ಲಿಯೂ ಗುಡ್ಡೆಯದೇ ಕನವರಿಕೆ. ಅವರ ಒಬ್ಬನೇ ಮಗ ಬಸ್ ಕಂಡಕ್ಟರ್. ಅಮ್ಮನಿಗೆ ಸಮಾಧಾನವಾಗಲಿ ಅಂತ, ಬೆಳಗಿನ ಟ್ರಿಪ್ ಮುಗಿಸಿ, ಉಂಡು, ನಡುಮಧ್ಯಾಹ್ನ ಒಬ್ಬನೇ ಹೋಗಿ ಬೆಂಕಿ ಕೊಟ್ಟ. ಗಾಳಿ ಎದ್ದಿತು. ಬೆಂಕಿ ಕಾಡಿನತ್ತ ಏರಿದ್ದು ಕಂಡು ನಂದಿಸಲು ಓಡಿದವನು ಹೊಗೆಯಲ್ಲಿ ಸಿಕ್ಕಿಬಿದ್ದ. ನಾವು ಹೊತ್ತು ತರುವಾಗ ಜೀವ ಇರಲಿಲ್ಲ.

ಮರುವರ್ಷ, ಈ ಕೆಲಸವೇ ಬೇಡ ಅಂತ ನಾವೆಲ್ಲ ಸುಮ್ಮನಿದ್ದೆವು. ಬೆಳಕು ಹರಿಯುವಾಗ ದೊಡ್ಡಮ್ಮ ಗುಡಿಸುವ ಹಿಡಿಸೂಡಿ ಹಿಡಿದು ಅಂಗಳದಲ್ಲಿ ನಿಂತಿದ್ದರು. ಹೋಗುವುದು ಬೇಡ ಅಂತ ನನ್ನ ಗಂಡ ಕೈ ಹಿಡಿದು ಬೇಡಿಕೊಂಡರು.

"ನಾವ್ ಬಿಟ್ರೆ ಹುಲ್ಲ್ ಬೆಳಿದೆ ಇರತ್ತಾ?" ಅಂದರು ದೊಡ್ಡಮ್ಮ. "ಇನ್ನೊಬ್ಳ್ ಮಗ ಬೆಂಕಿಗ್ ಹೋಪುದ್ ನಂಗೆ ಕಣ್ಣಲ್ ಕಾಂಬುಕ್ ಆತಿಲ್ಲ."

ಎಲ್ಲರೂ ಹೋದೆವು. ಅವತ್ತಿನಿಂದ ಅವರು ಯಾರನ್ನೂ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸುತ್ತಿತ್ತು ನಮಗೆ.

ಹಲವು ವರ್ಷ ಕಳೆದು, ಒಂದು ಮಳೆಗಾಲದಲ್ಲಿ ಹಾಸಿಗೆ ಹಿಡಿದರು. ಮಗನ ಸುದ್ದಿಯನ್ನೇ ಎತ್ತದವರು, ಒಂದು ಸಂಜೆ ನಾನು ತಲೆ ಬಾಚುತ್ತಿದ್ದಾಗ ಹೇಳಿದರು: "ಮಾಣಿ ಸಣ್ಣವ ಇಪ್ಪಾಗ ಬೆಂಕಿ ಹಾಕೂಕೆ ನಾನೇ ಕಲ್ಸದ್ದ್. ಬೆಳಿಗ್ಗೆ ತನ್ಕ ಕಾಯೂಕೆ ಕಲ್ಸಲಿಲ್ಲ."

ನಿಮ್ಮ ತಪ್ಪಲ್ಲ ದೊಡ್ಡಮ್ಮ ಅಂದೆ. ಆ ವಾರವೇ ಹೋದರು.

ನನ್ನ ಮಗ ಅದೇ ಗುಡ್ಡೆಯಲ್ಲಿ ಗೇರುಬೀಜ ಹೆಕ್ಕಿ ದೊಡ್ಡವನಾದ. ಬೆಂಕಿ ಒಮ್ಮೆಯೂ ನಮ್ಮ ಮನೆಗಳತ್ತ ಇಳಿಯಲಿಲ್ಲ. ನಮ್ಮೆಲ್ಲರ ಮಕ್ಕಳನ್ನು ಉಳಿಸಿಕೊಟ್ಟವರು ಅವರು. ಅವರದ್ದೊಂದು ಉಳಿಯಲಿಲ್ಲ.