ಘಾಟು ಬಾರದ ಮೆಣಸಿನಕಾಯಿ

ಸಂಜೆ ದೀಪ ಹಚ್ಚಿದ ಮೇಲೆ ಅತ್ತೆ ನನ್ನನ್ನು ಬಾಗಿಲ ಕಡೆ ಮುಖ ಮಾಡಿ ಕೂರಿಸಿದರು. ಒಣಮೆಣಸಿನಕಾಯಿ, ಉಪ್ಪು ಮುಷ್ಟಿಯಲ್ಲಿ ಹಿಡಿದು ದೃಷ್ಟಿ ತೆಗೆದು, ನೀರೊಲೆಯ ಕೆಂಡಕ್ಕೆ ಹಾಕಿದರು.

ಉಪ್ಪು ಚಟಪಟ ಅಂತು. ಘಾಟು ಮಾತ್ರ ಬರಲಿಲ್ಲ... ಒಬ್ಬರೂ ಕೆಮ್ಮಲಿಲ್ಲ.

ಮೆಣಸಿನಕಾಯಿ ಸುಟ್ಟರೂ ಘಾಟು ಬರದಿದ್ದರೆ ದೃಷ್ಟಿ ಗಟ್ಟಿಯಾಗಿಯೇ ತಾಗಿದೆ ಅಂತ ನಮ್ಮ ಕಡೆ ಲೆಕ್ಕ.

"ಭಾಳ ಕೆಟ್ಟ ಕಣ್ಣು ಬಿದ್ದಾವ ಯವ್ವಾ. ಈ ಸೋಮವಾರ ಅಂಗಡಿ ಬ್ಯಾಡ, ಅಮಾಸಿ ಕಳೀಲಿ," ಅಂದರು ಅತ್ತೆ.

ಹಗರಿಬೊಮ್ಮನಹಳ್ಳಿ ಬಸ್ ಸ್ಟ್ಯಾಂಡ್ ಹತ್ತಿರ ನನ್ನ ಮಂಡಕ್ಕಿ ಒಗ್ಗರಣೆ-ಮಿರ್ಚಿ ಅಂಗಡಿ ಸೋಮವಾರ ಶುರುವಾಗಬೇಕಿತ್ತು. ಬಾಣಲೆ, ಸ್ಟವ್, ಬೋರ್ಡ್ ಎಲ್ಲ ರೆಡಿ. ಮದುವೆಯಾದಾಗಿನಿಂದ ಇಟ್ಟುಕೊಂಡಿದ್ದ ಆಸೆ ಅದು, ನನಗೆ ಅಳುವೇ ಬಂತು.

ಅಡುಗೆಮನೆಗೆ ಹೋಗಿ ಮೆಣಸಿನಕಾಯಿ ಡಬ್ಬಿ ನೋಡಿದಾಗ ತಟ್ಟನೆ ಹೊಳೆಯಿತು. ಇದು ಯಾರ ಕಣ್ಣೂ ಅಲ್ಲ, ನನ್ನದೇ ಕೈ.

ವಿಷಯ ಏನೆಂದರೆ, ಮಾವನಿಗೆ ಹೊಟ್ಟೆಯುರಿ. ಡಾಕ್ಟರ್ ಖಾರ ಕಮ್ಮಿ ಮಾಡಿ ಅಂದಿದ್ದಾರೆ, ಆದರೆ ಸಾರು ಕೆಂಪಗಿಲ್ಲದಿದ್ದರೆ ಮಾವ ತಟ್ಟೆ ಸರಿಸಿ ಎದ್ದುಬಿಡುತ್ತಾರೆ.

ಅದಕ್ಕೇ ಕೊಟ್ಟೂರು ಸಂತೆಯಿಂದ ಬ್ಯಾಡಗಿ ತಂದು, ಖಾರದ ಗುಂಟೂರು ತೆಗೆದು, ಅದೇ ಡಬ್ಬಿಗೆ ಸದ್ದಿಲ್ಲದೆ ತುಂಬಿದ್ದೆ. ಬಣ್ಣ ಭರ್ಜರಿ, ಖಾರ ನಾಮಕಾವಸ್ತೆ.

"ಈಗ ಸಾರಿಗೆ ಖಾರ ಹತ್ತೇತಿ ನೋಡು," ಅಂತ ಮಾವ ಕೇಳಿ ಕೇಳಿ ಹಾಕಿಸಿಕೊಳ್ಳುತ್ತಿದ್ದರು. ಅವರ ಹೊಟ್ಟೆಯುರಿಯೂ ಇಳಿದಿತ್ತು.

ಸಂಜೆಯಾದರೆ ಅತ್ತೆಗೆ ಕಣ್ಣು ಮಬ್ಬು. ಡಬ್ಬಿಗೆ ಕೈ ಹಾಕಿ, ಸಿಕ್ಕಿದ್ದನ್ನು ಹಿಡಿದು ಬಂದಿದ್ದರು.

ಈಗ ನಿಜ ಹೇಳಿದರೆ ಮಾವ ಊಟ ಬಿಡುತ್ತಾರೆ. ಹೇಳದಿದ್ದರೆ ಅಂಗಡಿ ಮುಂದಕ್ಕೆ ಹೋಗುತ್ತದೆ...

ಮರುದಿನ ಸಂಜೆ, "ಅತ್ತಿ, ಇನ್ನೊಂದ್ಸಲ ತೆಗೀರಿ," ಅಂತ ನಾನೇ ಮೆಣಸಿನಕಾಯಿ ಅವರ ಕೈಗೆ ಕೊಟ್ಟೆ. ಅಂಗಡಿಯ ಚಟ್ನಿಗೆಂದು ಅಟ್ಟದ ಮೇಲೆ ಎತ್ತಿಟ್ಟಿದ್ದ ಗುಂಟೂರು ಅದು.

ಕೆಂಡಕ್ಕೆ ಬಿದ್ದದ್ದೇ ತಡ, ಮಾವ ಕೆಮ್ಮುತ್ತಾ ಜಗುಲಿಗೆ ಓಡಿದರು. ಪಕ್ಕದ ಮನೆಯವರು ದಡಬಡ ಕಿಟಕಿ ಹಾಕಿಕೊಂಡರು. ನನ್ನ ಕಣ್ಣಲ್ಲಿ ಮೂಗಲ್ಲಿ ನೀರು, ಅತ್ತೆ ಮಾತ್ರ ಸೆರಗಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಾರೆ.

"ಹೋತು ನೋಡವ್ವಾ, ಎಲ್ಲಾ ಹೋತು. ಸೋಮವಾರ ತೆಗಿ ಅಂಗಡಿ."

ಸೋಮವಾರ ಬೆಳಿಗ್ಗೆ ಸ್ನಾನ ಮುಗಿಸಿ ಬರುತ್ತೇನೆ, ಅತ್ತೆ ಹಿತ್ತಲ ಬಾಗಿಲ ಬಿಸಿಲಲ್ಲಿ ಡಬ್ಬಿ ತೆರೆದು ನಿಂತಿದ್ದಾರೆ. ಕೈಯಲ್ಲಿ ಸುಕ್ಕು ಸುಕ್ಕಾದ ಬ್ಯಾಡಗಿ.

ಅವರು ಒಂದು ಕಾಯಿ ಮುರಿದು ನಾಲಿಗೆಗೆ ಹಚ್ಚಿ ನೋಡಿದರು. ಜಗುಲಿಯಲ್ಲಿ ಆರಾಮಾಗಿ ಕಾಲು ಚಾಚಿ ಕೂತಿದ್ದ ಮಾವನ ಕಡೆ ನೋಡಿದರು.

ಆಮೇಲೆ ದನಿ ತಗ್ಗಿಸಿ ಅಂದರು: "ಅವ್ರ ಸಾರಿಗೆ ಇದ್ನ ಹಾಕು. ದೃಷ್ಟಿಗೆ ಮಾತ್ರ ಖಾರದ ಕಾಯಿ ಬ್ಯಾರೆ ಡಬ್ಬ್ಯಾಗ ಇಡು."

ಅಷ್ಟೇ. ನನ್ನ ಅತ್ತೆಯ ಮೇಲೆ ಅವತ್ತು ಬಂದಷ್ಟು ಪ್ರೀತಿ ಯಾವತ್ತೂ ಬಂದಿರಲಿಲ್ಲ.

ಅಂಗಡಿ ಚೆನ್ನಾಗಿ ನಡೆಯುತ್ತಿದೆ. ಮನೆಯಲ್ಲಿ ಈಗ ಎರಡು ಡಬ್ಬಿ. ಅಮಾವಾಸ್ಯೆ ಬಂದರೆ ಎಲ್ಲರೂ ಸೇರಿ ಸಮಾಧಾನವಾಗಿ ಕೆಮ್ಮುತ್ತೇವೆ.

ನಿಮ್ಮ ಮನೆಯಲ್ಲಿ ದೃಷ್ಟಿ ತೆಗೆಯೋ ಮೆಣಸಿನಕಾಯಿ ಯಾವುದು ಅಂತ ಒಮ್ಮೆಯಾದರೂ ನೋಡಿದ್ದೀರಾ?