ಚರಂಡಿಗೆ ಹೋದ ಸೋಡಾ ನೀರು

ಬಳ್ಳಾರಿ ಕಡೆಯ ನಾನೂ ನನ್ನ ತಮ್ಮನೂ ತೆಲುಗು ಸೀಮೆಯ ದುವ್ವಾಡದ ಒಂದು ಕಾರ್ಖಾನೆಯಲ್ಲಿ ಬಾಯ್ಲರ್ ಕೊಳವೆಗಳಿಗೆ ಕಟ್ಟಿದ ಉಪ್ಪು ತೆಗೆಯುತ್ತಿದ್ದೆವು. ಕಲ್ಲಿನಂತಾದ ಆ ಉಪ್ಪು ಸುತ್ತಿಗೆಗೆ ಜಗ್ಗುವುದಿಲ್ಲ. ಒಳಗೆ ಆಸಿಡ್ ಹರಿಸಬೇಕು. ನೊರೆ ಬರುವುದು ನಿಂತರೆ ಉಪ್ಪು ಹೋಯಿತೆಂದು ಅರ್ಥ. ಆಮೇಲೆ ಬಟ್ಟೆ ಒಗೆಯುವ ಸೋಡಾ ಕಲಸಿದ ನೀರು ಹರಿಸದಿದ್ದರೆ ಉಳಿದ ಆಸಿಡ್ ಕಬ್ಬಿಣವನ್ನೇ ತಿನ್ನುತ್ತದೆ.

ಅವತ್ತು ತಮ್ಮ ಡ್ರಮ್ಮಿನಲ್ಲಿ ಸೋಡಾ ಕಲಸಿಟ್ಟು ಊಟಕ್ಕೆ ಹೋದ. ಅದನ್ನು ಕೊಳವೆಗೆ ಹರಿಸುವುದು ನನ್ನ ಪಾಲಿನ ಕೆಲಸ, ಒಂದು ಗಂಟೆಯದು. ಹೆಂಡತಿಯಿದ್ದ ವಿಜಯವಾಡಕ್ಕೆ ನಾನು ರೈಲು ಹಿಡಿಯಬೇಕಿತ್ತು. ಡ್ರಮ್ಮನ್ನು ಚರಂಡಿಗೆ ಬಗ್ಗಿಸಿ, ಬಂದ ತಮ್ಮನಿಗೆ "ಆಯ್ತಪ್ಪ" ಎಂದು ಹೇಳಿ ಹೊರಟೆ.

ತಿಂಗಳೊಳಗೆ ಕೊಳವೆಗಳು ತೂತಾದವು. ಮೇಸ್ತ್ರಿ ನಮ್ಮಿಬ್ಬರನ್ನೂ ಎದುರು ನಿಲ್ಲಿಸಿಕೊಂಡ.

"ಏಮಯ್ಯಾ, ಸೋಡಾ ಕಲಸಿದ್ದು ಯಾರು?"

"ನಾನೇ ಸಾರ್. ಕಡಿಮಿ ಬಿತ್ತೇನೋ," ಅಂದ ತಮ್ಮ.

ಅವನನ್ನು ಅಂದೇ ಕೆಲಸದಿಂದ ತೆಗೆದರು.

ಈಗ ಅವನು ವಿಜಯವಾಡದ ಒನ್ ಟೌನ್ ಪೇಟೆಯಲ್ಲಿ ಮೂಟೆ ಹೊರುತ್ತಾನೆ. ನಾನು ಹೋದಾಗ ಊಟಕ್ಕೆ ಕೂರಿಸಿ ಕೇಳುತ್ತಾನೆ:

"ಅಣ್ಣಾ, ಅವತ್ತು ಇನ್ನೆಷ್ಟು ಸೋಡಾ ಹಾಕಬೇಕಾಗಿತ್ತು?"

"ಇನ್ನೊಂದು ಸ್ವಲ್ಪ," ಅನ್ನುತ್ತೇನೆ.