ಓರೆಯಾಗಿ ನಿಂತ ನಳಿಕೆ

ಹೊಸ ಬೀಗರ ಮುಂದೆ ಅತ್ತಿಗೆ ಆಡಿದ ಮಾತು ನೆನೆದರೆ ಅವನಿಗೆ ಮೈ ಉರಿಯುತ್ತಿತ್ತು.

“ಇವನು ನನ್ನ ಮೈದುನ. ಲ್ಯಾಬಲ್ಲಿ ರಕ್ತ ತೆಗೀತಾನೆ. ನಾವೆಲ್ಲ ಸೊಳ್ಳೆ ಅಂತೀವಿ!”

ಬೀಗರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವನು ಅರ್ಧ ಊಟಕ್ಕೇ ಎದ್ದುಬಂದ.

ಮರುವಾರ ಅದೇ ಅತ್ತಿಗೆ ಲ್ಯಾಬಿಗೆ ಬಂದು ತೋಳು ಚಾಚಿ ಕೂತಳು. ಹಾಸ್ಟೆಲ್ಲೊಂದರ ಅಡುಗೆಮನೆಯಲ್ಲಿ ಕೆಲಸ ಸಿಗುವುದರಲ್ಲಿತ್ತು. ರಕ್ತದ ರಿಪೋರ್ಟು ಬೇಕಿತ್ತು.

“ಮೆತ್ತಗೆ ಚುಚ್ಚೋ, ಸೊಳ್ಳೆ.”

“ಇಲ್ಲೂ ಶುರು ಮಾಡ್ಬೇಡಿ ಅತ್ತಿಗೆ!”

“ಅಬ್ಬಾ, ಮೂಗಿನ ತುದೀಲೇ ಇಟ್ಕೊಂಡಿರ್ತೀಯ ಸಿಟ್ಟು.”

ಅವನ ಪಿತ್ತ ನೆತ್ತಿಗೇರಿತು. ರಕ್ತ ತುಂಬಿದ ನಳಿಕೆಯನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಸ್ಟ್ಯಾಂಡನ್ನು ಮೇಜಿನ ಮೇಲೆ ಕುಕ್ಕಿ, ತಿರುಗಿಯೂ ನೋಡದೆ ಹೋದ.

ನಳಿಕೆ ನೆಟ್ಟಗೆ ನಿಲ್ಲಬೇಕು. ಒಂದು ಗಂಟೆಯಲ್ಲಿ ಕೆಂಪು ಕಣಗಳು ಮೆಲ್ಲಗೆ ಕೆಳಗಿಳಿದು, ಮೇಲೆ ಹಳದಿ ತಿಳಿ ಉಳಿಯುತ್ತದೆ. ತುಂಬ ಬೇಗ ಇಳಿದರೆ ಒಳಗೆಲ್ಲೋ ಕಾಯಿಲೆ ಇರಬಹುದೆಂಬ ಅನುಮಾನ. ಆದರೆ ನಳಿಕೆ ಓರೆಯಾದರೆ ಆರೋಗ್ಯವಂತರ ರಕ್ತವೂ ಬೇಗ ಇಳಿಯುತ್ತದೆ. ಕಣಗಳು ಒಂದು ಮಗ್ಗುಲಿಗೆ ಬಿದ್ದು ಜಾರುತ್ತವೆ, ತಿಳಿ ಇನ್ನೊಂದು ಮಗ್ಗುಲಲ್ಲಿ ಮೇಲೇರುತ್ತದೆ.

ಅತ್ತಿಗೆಯದು ಬಹಳ ಇಳಿದಿತ್ತು. ಡಾಕ್ಟರಿಗೆ ಬರೆದು ಕಳಿಸಿದ. ಆಮೇಲೆ ಮೇಜು ಒರೆಸುವಾಗ ಕಂಡಿತು: ತೋಳಿಗೆ ಕಟ್ಟುವ ರಬ್ಬರ್ ಪಟ್ಟಿಯ ಮೇಲೆ ಸ್ಟ್ಯಾಂಡಿನ ಒಂದು ಕಾಲು ಕೂತಿತ್ತು.

ಓಡಿಹೋಗಿ ಹೇಳಬಹುದಿತ್ತು. ಯಾಕೆ ಓರೆಯಾಯ್ತು ಎಂದು ಡಾಕ್ಟರು ಕೇಳಿದರೆ? ಸಿಟ್ಟಿನ ವಿಷಯಕ್ಕೆ ಅವರು ಮೊದಲೇ ಗದರಿಸಿದ್ದರು. ಬಾಯಿಗೆ ಬೀಗ ಹಾಕಿಕೊಂಡ.

ರಿಪೋರ್ಟು ನೋಡಿ ಹಾಸ್ಟೆಲ್ಲಿನವರು ಬೇರೊಬ್ಬಳನ್ನು ತೆಗೆದುಕೊಂಡರು. ಅಂಟುಕಾಯಿಲೆಯೇ ಇರಬೇಕೆಂದು ಹೆದರಿ ಅತ್ತಿಗೆ ತನ್ನ ತಟ್ಟೆ ಲೋಟ ಬೇರೆ ಇಟ್ಟಳು. ಮೊಮ್ಮಗು ಕೈಚಾಚಿದರೆ, “ಬೇಡ ಪುಟ್ಟಾ, ಅಜ್ಜಿಗೆ ಹುಷಾರಿಲ್ಲ,” ಎಂದು ಗೋಡೆಯತ್ತ ಸರಿಯುತ್ತಿದ್ದಳು. ಅದನ್ನು ಕಂಡ ದಿನ ಅವನು ಅತ್ತಿಗೆಯ ಮುಂದೆ ಬಂದು ನಿಂತ.

“ಏಳಿ ಅತ್ತಿಗೆ, ಇನ್ನೊಂದ್ಸಲ ನೋಡೇಬಿಡೋಣ.”

“ಇನ್ನೇನು ನೋಡ್ತೀಯೋ, ಹಣೆಬರಹ.”

“ಏಳಿ ಅಂದ್ರೆ ಏಳಿ!”

ಈ ಸಲ ಎರಡೂ ಕೈಯಲ್ಲಿ ಸ್ಟ್ಯಾಂಡ್ ಇಟ್ಟು, ಗಂಟೆ ಮುಗಿಯುವವರೆಗೆ ಅಲ್ಲಾಡದೆ ಕೂತ. ರಕ್ತ ನಿಧಾನವಾಗಿ, ಇಳಿಯಬೇಕಾದಷ್ಟೇ ಇಳಿಯಿತು.

ಅತ್ತಿಗೆ ಅವನ ಕೈ ಹಿಡಿದುಕೊಂಡು ಅತ್ತಳು. “ಎಲ್ಲರೂ ಕೈಬಿಟ್ರೂ ನೀನು ಬಿಡ್ಲಿಲ್ವಲ್ಲೋ. ನಿನ್ನ ಋಣ ಹೇಗಪ್ಪಾ ತೀರಿಸ್ಲಿ?”

“ಅತ್ತಿಗೆ, ಅದು... ಆವತ್ತು...”

“ಏನೋ?”

“ಏನಿಲ್ಲ. ಮನೆಗೆ ನಡೀರಿ.”

ಆ ಕೆಲಸ ಅವಳಿಗೆ ಮತ್ತೆ ಸಿಗಲಿಲ್ಲ. ಕಣ್ಣುಮುಚ್ಚುವವರೆಗೂ ಅತ್ತಿಗೆ ಸಿಕ್ಕಸಿಕ್ಕವರೆದುರು ಮೈದುನನ ಋಣ ಎನ್ನುತ್ತಲೇ ಇದ್ದಳು. ಸಾಲ ಯಾರದೆಂದು ಅವನೊಬ್ಬನಿಗೇ ಗೊತ್ತಿತ್ತು, ತಲೆತಗ್ಗಿಸಿ ಕೂತಿರುತ್ತಿದ್ದ.